ತೇಲುಗೊರಡು, ಜಲಸಸ್ಯ ಮತ್ತು ಮೊದಲ ಗಾಜಿನ ತೊಟ್ಟಿ

ಈ ವರ್ಷದ ಕ್ಷೇತ್ರಕಾರ್ಯಕ್ಕೆಂದು ತಾಳವಾಡಿ ಸೀಮೆಗೆ ಹೋಗಿದ್ದ ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಅಲ್ಲಿನ ಆಡುಮಾತನ್ನು ದಾಖಲಿಸಿಕೊಂಡ ಮೇಲೆ ದಿಂಬಂ ನೋಡದೆ ಹಿಂದಿರುಗುವುದು ಬೇಡವೆಂದರು. ಹಾಸನೂರಿನಿಂದ ಕಾಡಿನ ನಡುವೆ ಸಾಗುವ ಹೆದ್ದಾರಿ ದಿಂಬಂನಲ್ಲಿ ಬೆಟ್ಟದ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ಇಪ್ಪತ್ತೇಳು ಕಡಿದಾದ ತಿರುವುಗಳನ್ನು ಇಳಿದರೆ ಬಣ್ಣಾರಿ. ರಾತ್ರಿಯ ಸಂಚಾರಕ್ಕೆ ನಿರ್ಬಂಧವಿರುವ ದಾರಿಯಾದ್ದರಿಂದ ನಾವು ಹಗಲಿರುವಾಗಲೇ ಹೋಗಿ, ಅಂಚಿನಲ್ಲಿ ನಿಂತು ಕೆಳಗಿನ ಬಯಲನ್ನು ನೋಡಿ, ಚಹಾ ಕುಡಿದು ಬಸ್ಸು ಹತ್ತಿದೆವು.

ಬಸ್ಸು ಹೊರಡುವ ಮುನ್ನ ಒಬ್ಬ ವಿದ್ಯಾರ್ಥಿಯ ಆಸನದ ಕೆಳಗೆ ಮೊಳದುದ್ದದ ಒಂದು ಕೊರಡು ಕಣ್ಣಿಗೆ ಬಿತ್ತು. ಸಿಪ್ಪೆ ಸುಲಿದು, ನೀರಿನಲ್ಲಿ ಸವೆದು, ಜಿಂಕೆಯ ಕೊಂಬಿನಂತೆ ಕವಲೊಡೆದಿದ್ದ ಆ ಕೊರಡು ನಿಜಕ್ಕೂ ಸುಂದರವಾಗಿತ್ತು. ವಿಭಾಗದ ಕೊಠಡಿಯಲ್ಲಿ ಮೀನಿನ ಗಾಜಿನ ತೊಟ್ಟಿಯೊಂದನ್ನು ಇಡೋಣವೆಂದು ನಾವೆಲ್ಲ ಮಾತನಾಡಿಕೊಂಡಿದ್ದೆವಲ್ಲವೇ? ಅದಕ್ಕಾಗಿಯೇ ಅವನು ರಸ್ತೆಬದಿಯ ಹಳ್ಳದಿಂದ ಅದನ್ನು ಎತ್ತಿ ತಂದಿದ್ದ. ನಾನು ಅದನ್ನು ಇದ್ದಲ್ಲಿಯೇ ಇಟ್ಟು ಬರುವಂತೆ ಹೇಳಿದೆ. ಅವನು ಇಟ್ಟು ಬಂದ. ಆದರೆ ಬಸ್ಸಿನಲ್ಲಿ ಬಹಳ ಹೊತ್ತು ಮೌನವಾಗಿದ್ದು, ಕೊನೆಗೆ ಕೇಳಿದ: “ಸರ್, ಸತ್ತ ಮರ ತಾನೇ? ನೀರಿನಲ್ಲಿ ಕೊಳೆಯುತ್ತಿತ್ತು. ತಂದಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು?”

ಆ ಪ್ರಶ್ನೆ ನ್ಯಾಯವಾದದ್ದು. ಬಸ್ಸಿನ ಸದ್ದಿನಲ್ಲಿ ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಮೊದಲ ಬಾರಿಗೆ ತೊಟ್ಟಿ ಕಟ್ಟುವವರು ಕೊರಡನ್ನೂ ಗಿಡಗಳನ್ನೂ ಹೇಗೆ ಆಯಬೇಕು, ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ವಿವರಿಸುತ್ತಲೇ ಆ ಉತ್ತರವನ್ನು ಪೂರ್ತಿಮಾಡುವುದು ಈ ಲೇಖನದ ಉದ್ದೇಶ.

ಹೆಸರಿನ ವಿಚಾರ

ಹೊಳೆಯಲ್ಲಿಯೋ ಕಡಲಿನಲ್ಲಿಯೋ ತೇಲಿಬಂದು ದಡ ಸೇರಿದ ಮರದ ತುಂಡಿಗೆ ಮೀನಿನಂಗಡಿಯವರು ‘ಡ್ರಿಫ್ಟ್‌ವುಡ್’ ಎನ್ನುತ್ತಾರೆ. ಕನ್ನಡದಲ್ಲಿ ದಿಮ್ಮಿ, ಬೊಡ್ಡೆ, ಸೌದೆ, ಕೊರಡು ಎಂದು ಮರದ ತುಂಡಿಗೆ ಹಲವು ಹೆಸರುಗಳಿದ್ದರೂ ತೇಲಿಬಂದದ್ದಕ್ಕೆಂದೇ ಬಳಕೆಯಲ್ಲಿರುವ ಪದ ನನಗೆ ಸಿಕ್ಕಿಲ್ಲ. ನಾನು ಓದಿದ ಶಾಲೆಯಲ್ಲಿ ಮರಾಠಿ, ಕನ್ನಡ ಎರಡೂ ನಡೆಯುತ್ತಿದ್ದವು. ಮರಾಠಿಯ ‘ಓಂಡಕಾ’ ಕೂಡ ದಿಮ್ಮಿಯೇ ಹೊರತು ತೇಲಿಬಂದದ್ದಲ್ಲ. ಆದ್ದರಿಂದ ಈ ಲೇಖನದ ಮಟ್ಟಿಗೆ ‘ತೇಲುಗೊರಡು’ ಎಂಬ ಪದವನ್ನು ಬಳಸುತ್ತೇನೆ. ‘ಸುಡುಗಾಡು’ ಹೇಗೋ ಇದೂ ಹಾಗೆಯೇ: ಗಮಕ ಸಮಾಸ, ಉತ್ತರಪದದ ಕಕಾರಕ್ಕೆ ಗಕಾರ ಆದೇಶ. ವ್ಯಾಕರಣದ ತರಗತಿಯಲ್ಲಿ ಓದಿದ್ದು ಹೀಗೆ ಕೆಲಸಕ್ಕೆ ಬರುತ್ತದೆ.

ಆದರೆ ಈ ಪದದಲ್ಲಿ ಒಂದು ತೊಡಕಿದೆ. ಹೆಸರು ತೇಲುಗೊರಡಾದರೂ ತೊಟ್ಟಿಗೆ ಬೇಕಾದ ಕೊರಡಿನ ಮೊದಲ ಗುಣ ಮುಳುಗುವುದು. ತೇಲುವುದನ್ನು ಮುಳುಗುವಂತೆ ಮಾಡುವುದೇ ಸಿದ್ಧತೆಯ ಅರ್ಧಭಾಗ.

ತೊಟ್ಟಿಗೆ ಕೊರಡು ಏಕೆ ಬೇಕು?

ಕೊರಡು ಅಲಂಕಾರಕ್ಕೆ ಮಾತ್ರವಲ್ಲ. ಮೀನು ಅಡಗಲು ನೆರಳು ಬಯಸುವ ಪ್ರಾಣಿ. ಅಡಗುತಾಣವಿಲ್ಲದ ತೊಟ್ಟಿಯಲ್ಲಿ ಅದು ಬೆದರುತ್ತ, ಮೂಲೆ ಹಿಡಿದು ನಿಲ್ಲುತ್ತದೆ. ಕೊರಡಿನ ಒರಟು ಮೈಯ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ನೆಲೆಸುತ್ತವೆ. ಮೀನಿನ ಮಲಮೂತ್ರ ಮತ್ತು ತಿನ್ನದೆ ಉಳಿದ ಆಹಾರದಿಂದ ಹುಟ್ಟುವ ಅಮೋನಿಯ ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಅದನ್ನು ಗಿಡಗಳು ಗೊಬ್ಬರವಾಗಿ ಹೀರುತ್ತವೆ. ಉಳಿದದ್ದು ವಾರಕ್ಕೊಮ್ಮೆ ಒಂದು ಪಾಲು ನೀರು ಬದಲಿಸಿದಾಗ ಹೊರಹೋಗುತ್ತದೆ.

ಸತ್ತ ಮರ, ಬದುಕಿರುವ ಗಿಡ, ಉಸಿರಾಡುವ ಮೀನು, ಕಾಣದ ಬ್ಯಾಕ್ಟೀರಿಯ ಇವು ನಾಲ್ಕೂ ಒಂದನ್ನೊಂದು ನೆಚ್ಚಿಕೊಂಡಾಗ ತೊಟ್ಟಿ ನಿಲ್ಲುತ್ತದೆ. ಇದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮುಖ್ಯನು. ಅವನು ಎರಡು ಹೊನ್ನಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ಜಲಸಸ್ಯವನ್ನೂ ಒಂದೇ ಪಾತ್ರೆಯಲ್ಲಿಟ್ಟ. ಉದುರಿದ ಎಲೆಗಳು ಕೊಳೆತು ನೀರು ಕದಡಿದಾಗ, ಆ ಕೊಳೆಯನ್ನು ತಿನ್ನುವ ಬಸವನಹುಳುಗಳನ್ನು ಸೇರಿಸಿದ. ನೀರು ತಿಳಿಯಾಯಿತು. ಈ ಸಮತೋಲವನ್ನು ಅವನು ೧೮೫೦ರಲ್ಲಿ ವಿದ್ವಾಂಸರ ಮುಂದಿಟ್ಟ. ೧೮೫೩ರಲ್ಲಿ ಲಂಡನ್ ಮೃಗಾಲಯದ ಮತ್ಸ್ಯಗೃಹ ಜನರಿಗೆ ತೆರೆಯಿತು. ೧೮೫೪ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಜನಬಳಕೆಗೆ ಬಂತು. ನಮ್ಮಲ್ಲಿ ಮುಂಬೈಯ ತಾರಾಪೋರವಾಲಾ ಮತ್ಸ್ಯಾಲಯ ೧೯೫೧ರಲ್ಲಿಯೂ, ಬೆಂಗಳೂರಿನ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯ ೧೯೮೩ರಲ್ಲಿಯೂ ಆರಂಭವಾದವು. ವಾರಿಂಗ್ಟನ್ನನ ಪಾತ್ರೆಯಲ್ಲಿದ್ದ ವ್ಯಾಲಿಸ್ನೇರಿಯ ಇಂದಿಗೂ ಹೊಸಬರ ತೊಟ್ಟಿಗೆ ತಕ್ಕ ಗಿಡವೇ ಆಗಿದೆ.

ನನ್ನ ಮೊದಲ ತೊಟ್ಟಿ

ನಾನು ಈ ಸಮತೋಲವನ್ನು ತಿಳಿದದ್ದು ತಪ್ಪುಮಾಡಿ. ಹದಿಮೂರನೆಯ ವಯಸ್ಸಿನಲ್ಲಿ, ಅಂಗಡಿಯವರು ಪೆಪ್ಪರಮಿಂಟು ತುಂಬಿಡುತ್ತಿದ್ದ ದೊಡ್ಡ ಗಾಜಿನ ಜಾಡಿಯೊಂದನ್ನು ಸಂಪಾದಿಸಿ, ಊರ ಹೊಳೆಯಿಂದ ಆರು ಸಣ್ಣ ಮೀನುಗಳನ್ನು ತಂದು ಬಿಟ್ಟೆ. ಬರಿಯ ನೀರು ಚೆನ್ನಾಗಿ ಕಾಣುವುದಿಲ್ಲವೆಂದು, ದಡದಲ್ಲಿ ಮುರಿದುಬಿದ್ದಿದ್ದ ಹಸಿ ಕೊಂಬೆಯೊಂದನ್ನು ಸಿಪ್ಪೆಸಮೇತ ಅದರಲ್ಲಿ ನಿಲ್ಲಿಸಿದೆ. ಎರಡನೆಯ ದಿನ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮೂರನೆಯ ದಿನ ಬೆಳಿಗ್ಗೆ ಆರೂ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಕಾರಣ ತಿಳಿದದ್ದು ಬಹಳ ವರ್ಷಗಳ ಮೇಲೆ. ಹಸಿ ಮರದ ರಸ ಮತ್ತು ಸಿಪ್ಪೆ ಬ್ಯಾಕ್ಟೀರಿಯಗಳಿಗೆ ಒಳ್ಳೆಯ ಆಹಾರ. ಅವು ಒಮ್ಮೆಗೇ ಹೆಚ್ಚಿ ನೀರಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಅಂದಿನ ಮಟ್ಟಿಗೆ ನಾನು ತಿಳಿದುಕೊಂಡದ್ದು ಇಷ್ಟೇ: ನನ್ನ ಅವಸರಕ್ಕೆ ಆರು ಜೀವ ಹೋದವು.

ಎರಡನೆಯ ತಪ್ಪು ಕೆಲವು ವರ್ಷಗಳ ನಂತರದ್ದು. ಪಟ್ಟಣದಿಂದ ತಂದ ತೇಲುಗಿಡಗಳು ತೊಟ್ಟಿಯಲ್ಲಿ ಮಿತಿಮೀರಿ ಬೆಳೆದಾಗ ಹೆಚ್ಚಾದದ್ದನ್ನು ಬುಟ್ಟಿಯಲ್ಲಿ ತುಂಬಿ ಊರ ಕೆರೆಗೆ ಸುರಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಕೆರೆಯ ಒಂದು ಮೂಲೆಯ ನೀರು ಕಾಣದಷ್ಟು ಹಸಿರು ಹಬ್ಬಿತ್ತು. ಅದು ನಾನು ಸುರಿದದ್ದರಿಂದಲೇ ಆಯಿತೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಹೊರಗಿನಿಂದ ತೊಟ್ಟಿಗೆ ತಂದದ್ದು, ತೊಟ್ಟಿಯಿಂದ ಹೊರಗೆ ಬಿಟ್ಟದ್ದು, ಈ ಎರಡರಲ್ಲಿಯೂ ನನ್ನ ಕೈ ಶುದ್ಧವಾಗಿರಲಿಲ್ಲ. ದಿಂಬಂನ ಕೊರಡನ್ನು ಹಿಂದಿಡಿಸಿದವನಿಗೆ ಈ ನೆನಪೂ ಇತ್ತು.

ಕಾಡಿನ ಕೊರಡು ಕಾಡಿನದೇ

ಮೊದಲು ಕಾನೂನಿನ ಮಾತು. ದಿಂಬಂ ಇರುವುದು ಸತ್ಯಮಂಗಲಂ ಹುಲಿ ಸಂರಕ್ಷಿತ ಪ್ರದೇಶದ ನಡುವೆ. ೨೦೦೮ರಲ್ಲಿ ವನ್ಯಜೀವಿ ಧಾಮವಾಗಿ, ೨೦೧೩ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಘೋಷಿತವಾದ ಇದರ ವಿಸ್ತಾರ ಸುಮಾರು ೧,೪೦೦ ಚದರ ಕಿಲೋಮೀಟರು. ಇದರ ಕಾಡು ಬಿಳಿಗಿರಿರಂಗನಬೆಟ್ಟ, ಬಂಡೀಪುರ, ಮುದುಮಲೆಗಳ ಕಾಡುಗಳೊಂದಿಗೆ ಕೂಡಿಕೊಂಡಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ೨೯ನೆಯ ಪ್ರಕರಣದಂತೆ ಇಂತಹ ಧಾಮದಿಂದ ಅನುಮತಿಯಿಲ್ಲದೆ ಅರಣ್ಯ ಉತ್ಪನ್ನವನ್ನು ಹೊರತರುವಂತಿಲ್ಲ. ಬಿದ್ದ ಮರವೂ ಅರಣ್ಯ ಉತ್ಪನ್ನವೇ.

ಇನ್ನು ‘ಯಾರಿಗೆ ನಷ್ಟ?’ ಎಂಬ ಪ್ರಶ್ನೆ. ಹಳ್ಳದಲ್ಲಿ ಅಡ್ಡಬಿದ್ದ ಕೊರಡು ನೀರಿನ ವೇಗವನ್ನು ತಗ್ಗಿಸುತ್ತದೆ. ಅದರ ಹಿಂದೆ ಮಣ್ಣು, ತರಗೆಲೆ ನಿಂತು, ಬೇಸಗೆಯಲ್ಲಿಯೂ ಬತ್ತದ ಸಣ್ಣ ಗುಂಡಿಯೊಂದು ಉಳಿಯುತ್ತದೆ. ಮೀನಿನ ಮರಿ, ಏಡಿ, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಇವುಗಳಿಗೆ ಅದು ಆಸರೆ. ಕೊರಡಿನ ಮೇಲ್ಭಾಗ ಮಿಂಚುಳ್ಳಿಗೆ ಪೀಠ. ಒಳಭಾಗ ಗೆದ್ದಲಿಗೂ ಅಣಬೆಗೂ ಅನ್ನ. ಕೊನೆಗೆ ಅದು ಮಣ್ಣಾಗಿ ಇನ್ನೊಂದು ಮರಕ್ಕೆ ಸೇರುತ್ತದೆ. ಕೊರಡು ಚಿಗುರುವ ಮಾತು ಬಸವಣ್ಣನವರ ವಚನದಲ್ಲಿ ಒಲುಮೆಯ ಪವಾಡವಾಗಿ ಬರುವುದನ್ನು ನೀವು ಓದಿದ್ದೀರಿ. ಹಳ್ಳದ ಕೊರಡು ತಾನು ಚಿಗುರುವುದಿಲ್ಲ. ತನ್ನ ಸುತ್ತ ಚಿಗುರಿಸುತ್ತದೆ. ಒಬ್ಬನು ಒಂದನ್ನು ತಂದರೆ ಹಳ್ಳ ಬರಿದಾಗದು ನಿಜ. ಆದರೆ ಇಪ್ಪತ್ತೇಳು ತಿರುವುಗಳ ಆ ದಾರಿಯಲ್ಲಿ ದಿನವೂ ಸಾಗುವ ವಾಹನಗಳೆಷ್ಟೆಂದು ನೀವೇ ಕಂಡಿದ್ದೀರಿ.

ಮೀನಿನ ವಿಷಯದಲ್ಲಿ ಇದಕ್ಕೆ ಉದಾಹರಣೆ ಸಿದ್ಧವಾಗಿದೆ. ಕೇರಳ ಮತ್ತು ಅದಕ್ಕೆ ಹೊಂದಿದ ದಕ್ಷಿಣ ಕರ್ನಾಟಕದ ತೊರೆಗಳಲ್ಲಿ ಮಾತ್ರ ಸಿಗುವ, ಮೈಮೇಲೆ ಕೆಂಪು-ಕಪ್ಪು ಪಟ್ಟೆಯುಳ್ಳ ‘ಮಿಸ್ ಕೇರಳ’ ಎಂಬ ಮೀನನ್ನು ತೊಟ್ಟಿಯ ವ್ಯಾಪಾರಕ್ಕಾಗಿ ಮಿತಿಯಿಲ್ಲದೆ ಹಿಡಿದದ್ದರಿಂದ ಅದು ಅಳಿವಿನ ಅಂಚಿಗೆ ಬಂದಿತು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಂದು ಅದು ಅಪಾಯಕ್ಕೊಳಗಾದ ಜೀವಿ. ೨೦೧೩ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಕುಲವೊಂದಕ್ಕೆ ಸೇರಿಸಿ, ನಮ್ಮ ಬೆಟ್ಟಸಾಲಿನ ಹೆಸರಿನಿಂದಲೇ ಆ ಕುಲವನ್ನು ‘ಸಹ್ಯಾದ್ರಿಯಾ’ ಎಂದು ಕರೆದರು. ಅದನ್ನು ಹಿಡಿದವರಲ್ಲಿ ಪ್ರತಿಯೊಬ್ಬನೂ ‘ಒಂದೆರಡು ತಾನೇ’ ಎಂದುಕೊಂಡಿರಬಹುದು.

ಕೊರಡನ್ನು ಆಯುವ ಬಗೆ

ಹಾಗಾದರೆ ಕೊರಡು ಎಲ್ಲಿಂದ? ದಾರಿ ಎರಡಿವೆ. ಒಂದು, ಅಂಗಡಿ. ಅಲ್ಲಿ ಮೋಪಾನಿ ಎಂಬ ಆಫ್ರಿಕದ ಮರದ ತುಂಡುಗಳೂ, ಜೇಡನ ಕಾಲಿನಂತೆ ಕವಲೊಡೆದ ‘ಸ್ಪೈಡರ್ ವುಡ್’ ಎಂಬ ಬೇರುಗಳೂ ಸಿಗುತ್ತವೆ. ಮೋಪಾನಿ ಭಾರವಾದದ್ದು, ಬೇಗ ಮುಳುಗುತ್ತದೆ, ಆದರೆ ಬಹುಕಾಲ ಬಣ್ಣ ಬಿಡುತ್ತದೆ. ಸ್ಪೈಡರ್ ವುಡ್ ಹಗುರ, ಮುಳುಗಲು ವಾರಗಳೇ ಬೇಕು.

ಇನ್ನೊಂದು, ನಮ್ಮದೇ ಹಿತ್ತಿಲು. ಸೀಬೆಯ ಗಟ್ಟಿ ಕೊಂಬೆಯನ್ನು ಅನೇಕರು ಬಳಸಿ ನೋಡಿದ್ದಾರೆ. ನಾನು ಮರಾಠಿಯಲ್ಲಿ ‘ಪೇರೂ’ ಎಂದೂ, ಉತ್ತರದ ಕನ್ನಡದಲ್ಲಿ ‘ಪೇರಲ’ ಎಂದೂ ಕಲಿತ ಮರ ಇದು. ಔಷಧಿ ಸಿಂಪಡಿಸದ, ತಾನಾಗಿ ಒಣಗಿದ ಕೊಂಬೆಯಾಗಿರಬೇಕು. ಆಯುವಾಗ ಈ ಪರೀಕ್ಷೆಗಳನ್ನು ಮಾಡಿರಿ.

ಉಗುರಿನಿಂದ ಒತ್ತಿ ನೋಡಿರಿ. ಉಗುರು ಇಳಿದರೆ ಅದು ಕೊಳೆತ ಮರ, ನೀರಿನಲ್ಲಿ ಪುಡಿಯಾಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿರಿ. ಗಟ್ಟಿ ಮರ ‘ಟಣ್’ ಎನ್ನುತ್ತದೆ, ಟೊಳ್ಳಾದದ್ದು ‘ದೊಬ್’ ಎನ್ನುತ್ತದೆ. ಮೂಸಿರಿ. ಅಂಟು, ಎಣ್ಣೆ, ಬಣ್ಣ, ಹುಳಿತ ವಾಸನೆ ಬಂದರೆ ಬೇಡ. ತುಂಡಿನ ಕೊನೆಯಲ್ಲಿ ಹಸಿಯ ಬಣ್ಣ ಉಳಿದಿದ್ದರೆ ಇನ್ನೂ ಆರು ತಿಂಗಳು ಕಾಯಿರಿ. ಅಂಟು ಸುರಿಸುವ ಪೈನ್, ಎಣ್ಣೆಯಂಶವುಳ್ಳ ನೀಲಗಿರಿ, ಹಾಲುಬರುವ ಕಳ್ಳಿ, ವಿಷವುಳ್ಳ ಕಣಗಿಲೆ ಇವುಗಳನ್ನು ಮುಟ್ಟಲೇಬೇಡಿರಿ. ಕಡಲತೀರದಿಂದ ತಂದದ್ದರಲ್ಲಿ ಉಪ್ಪು ಸೇರಿರುತ್ತದೆ. ಪೀಠೋಪಕರಣದ ತುಂಡುಗಳಲ್ಲಿ ಹುಳುಬಾರದಂತೆ ಹಚ್ಚಿದ ರಾಸಾಯನಿಕವಿರುತ್ತದೆ.

ದಿಂಬಂ ದಾರಿಯ ಎರಡು ಬದಿಯಲ್ಲಿಯೂ ದಟ್ಟವಾಗಿರುವ ಲಂಟಾನವನ್ನು ಬಳಸಬಹುದೇ ಎಂದು ಒಬ್ಬಳು ಕೇಳಿದಳು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಆ ಗಿಡದ ಕಡ್ಡಿಯಿಂದ ಕುರ್ಚಿ, ಮೇಜು ಮಾಡುತ್ತಾರೆ. ಅದು ಒಳ್ಳೆಯ ಉಪಯೋಗ. ಆದರೆ ಅದರ ಎಲೆ ದನಗಳಿಗೆ ವಿಷವಾದದ್ದು. ಅಂತಹ ಗಿಡದ ಮರವನ್ನು ಮೀನಿರುವ ನೀರಿನಲ್ಲಿ ಮುಳುಗಿಸುವುದು ಜಾಣತನವಲ್ಲ.

ಅಳತೆಯ ವಿಷಯ: ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹೊಸಬರಿಗೆ ಸಾಕು. ಅದರಲ್ಲಿ ಸುಮಾರು ೫೪ ಲೀಟರ್ ನೀರು ಹಿಡಿಯುತ್ತದೆ. ನೀರೊಂದೇ ೫೪ ಕಿಲೋ ತೂಗುವುದರಿಂದ ಮೇಜು ಗಟ್ಟಿಯಾಗಿರಬೇಕು. ಕೊರಡು ತೊಟ್ಟಿಯ ಮೂರನೆಯ ಒಂದು ಭಾಗವನ್ನು ಮೀರದಿದ್ದರೆ ಮೀನಿಗೆ ಓಡಾಡಲು ಸ್ಥಳವಿರುತ್ತದೆ.

ಕೊರಡನ್ನು ಸಿದ್ಧಪಡಿಸುವ ಬಗೆ

ಮೊದಲು ಸಿಪ್ಪೆಯನ್ನು ಪೂರ್ತಿಯಾಗಿ ಸುಲಿದು, ಮೆತ್ತಗಿರುವ ಭಾಗವನ್ನೆಲ್ಲ ಕೆರೆದು ತೆಗೆಯಿರಿ. ಗಟ್ಟಿ ಬ್ರಷ್ಷಿನಿಂದ ಬರಿಯ ನೀರಿನಲ್ಲಿ ಉಜ್ಜಿರಿ. ಸಾಬೂನು, ಮಾರ್ಜಕ ಕೂಡದು. ಮರ ಅವನ್ನು ಹೀರಿಕೊಂಡು ಮುಂದೆ ತೊಟ್ಟಿಗೆ ಬಿಡುತ್ತದೆ.

ಬಳಿಕ ಕುದಿಸಬೇಕು. ಅಡುಗೆಗೆ ಬಳಸದ ಹಳೆಯ ಪಾತ್ರೆಯಲ್ಲಿ ಕೊರಡು ಮುಳುಗುವಷ್ಟು ನೀರು ತುಂಬಿ, ಒಂದೆರಡು ಗಂಟೆ ಕುದಿಸಿ, ನೀರು ಚೆಲ್ಲಿ, ಮತ್ತೆ ಕುದಿಸಿರಿ. ಇದರಿಂದ ಹುಳು, ಮೊಟ್ಟೆ, ಬೂಷ್ಟು ನಾಶವಾಗುತ್ತವೆ, ಮರದೊಳಗಿನ ಗಾಳಿ ಹೊರಬಂದು ನೀರು ಒಳಸೇರುತ್ತದೆ. ದಿನವಿಡೀ ಕುದಿಸಬೇಕಾಗಿಲ್ಲ, ಅತಿಯಾದರೆ ನಾರು ಸಡಿಲವಾಗಿ ಕೊರಡು ಬೇಗ ಕೊಳೆಯುತ್ತದೆ. ಪಾತ್ರೆಗೆ ಹಿಡಿಸದ ಕೊರಡಾದರೆ ಕುದಿಯುವ ನೀರನ್ನು ಎಲ್ಲ ಬದಿಗೂ ಹಲವು ಸಲ ಸುರಿಯಿರಿ.

ಕುದಿಸಿದ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಆದರೆ ಇದು ನಮಗೆ ಹೊಸದಲ್ಲ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ‘ಚೊಗರು’ ಇದೇ ಜಾತಿಯದು. ಬಿಳಿಗಿರಿರಂಗನಬೆಟ್ಟದ ಸೋಲಿಗರು ಆಯ್ದು ತರುತ್ತಿದ್ದ ಅಳಲೆಕಾಯಿಯಲ್ಲಿಯೂ, ಚರ್ಮ ಹದಮಾಡಲು ಬಳಸುತ್ತಿದ್ದ ತಂಗಡಿಯ ತೊಗಟೆಯಲ್ಲಿಯೂ ಇರುವುದು ಇದೇ ಒಗರಿನ ಅಂಶ. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಟ್ಯಾನಿನ್ ಎಂದು ಹೆಸರು. ನೀರನ್ನು ಅದು ತುಸು ಹುಳಿಯಾಗಿಸುತ್ತದೆ. ಸಾಮಾನ್ಯವಾದ ಪ್ರಮಾಣದಲ್ಲಿ ಮೀನಿಗೆ ಕೇಡಿಲ್ಲ. ಕಾಡಿನ ತೊರೆಗಳಲ್ಲಿ ತರಗೆಲೆ ನೆನೆದ ನೀರಿಗೂ ಇದೇ ಬಣ್ಣ. ನೋಟಕ್ಕೆ ಬೇಡವಾದರೆ ಚೊಗರು ಇಳಿಯುವವರೆಗೆ ನೆನೆಹಾಕಬೇಕು.

ನೆನೆಹಾಕುವುದೇ ಮೂರನೆಯ ಹಂತ. ಬಕೆಟ್ಟಿನಲ್ಲಿ ಕೊರಡನ್ನು ಮುಳುಗಿಸಿ, ಮೇಲೊಂದು ಕಲ್ಲು ಹೇರಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿರಿ. ಒಂದು ವಾರ ಸಾಕಾಗಬಹುದು, ಒಂದು ತಿಂಗಳೂ ಬೇಕಾಗಬಹುದು. ಕಲ್ಲು ತೆಗೆದಾಗ ಕೊರಡು ತಾನಾಗಿ ತಳದಲ್ಲಿ ಕುಳಿತರೆ ಅದು ಸಿದ್ಧವಾಯಿತೆಂದು ತಿಳಿಯಿರಿ. ಕಾಯಲಾಗದವರು ಅದನ್ನು ಚಪ್ಪಟೆ ಕಗ್ಗಲ್ಲಿಗೆ ಕಟ್ಟಿ, ಕಲ್ಲನ್ನು ಮರಳಿನಲ್ಲಿ ಹೂಳಬಹುದು. ಕಲ್ಲಿನ ಮೇಲೆ ನಿಂಬೆಹುಳಿ ಹಿಂಡಿದಾಗ ನೊರೆಯೆದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ನೀರನ್ನು ಗಡುಸಾಗಿಸುತ್ತದೆ, ಅದು ಬೇಡ.

ತೊಟ್ಟಿಗಿಟ್ಟ ಮೊದಲ ವಾರಗಳಲ್ಲಿ ಕೊರಡಿನ ಮೇಲೆ ಬಿಳಿಯ ಲೋಳೆ ಕಾಣಿಸಿಕೊಳ್ಳುವುದುಂಟು. ಮರದಲ್ಲಿ ಉಳಿದ ಸಕ್ಕರೆಯ ಅಂಶವನ್ನು ತಿನ್ನುವ ಸೂಕ್ಷ್ಮಜೀವಿಗಳು ಅವು. ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಕೆಲವು ವಾರಗಳಲ್ಲಿ ತಾನಾಗಿ ನಿಲ್ಲುತ್ತದೆ. ಆದರೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಮರ ಕೊಳೆಯುತ್ತಿದೆ ಎಂದರ್ಥ, ಕೂಡಲೇ ಹೊರತೆಗೆಯಬೇಕು.

ಗಿಡಗಳ ಆಯ್ಕೆ

ಜಲಸಸ್ಯಗಳನ್ನು ಅವು ನಿಲ್ಲುವ ನೆಲೆಯಿಂದ ಮೂರಾಗಿ ವಿಂಗಡಿಸಬಹುದು: ಕೊರಡನ್ನು ಅಪ್ಪಿ ಬೆಳೆಯುವವು, ಮರಳಿನಲ್ಲಿ ಬೇರೂರುವವು, ನೀರಿನ ಮೇಲೆ ತೇಲುವವು.

ಅಪ್ಪಿ ಬೆಳೆಯುವವನ್ನು ತಿಳಿಯಲು ದಿಂಬಂ ದಾರಿಯ ಮರಗಳನ್ನು ನೆನೆದುಕೊಳ್ಳಿರಿ. ಮರದ ಮೇಲೆ ಬೆಳೆಯುವ ಬಂದಳಿಕೆ ಆ ಮರದ ಸಾರವನ್ನು ಹೀರುತ್ತದೆ. ಸೀತಾಳೆಯಂತಹ ಅಪ್ಪುಸಸ್ಯ ಹಾಗಲ್ಲ. ಅದು ಆಸರೆಯನ್ನಷ್ಟೇ ಪಡೆದು, ಗಾಳಿ ಮಳೆಯಿಂದ ತನ್ನ ಆಹಾರವನ್ನು ತಾನೇ ಗಳಿಸುತ್ತದೆ. ತೊಟ್ಟಿಯ ಕೊರಡಿಗೆ ಬೇಕಾದವು ಈ ಎರಡನೆಯ ಬಗೆಯವು: ಜಾವಾ ಫರ್ನ್, ಅನೂಬಿಯಾಸ್ ಮತ್ತು ಜಾವಾ ಪಾಚಿ. ಮೂರಕ್ಕೂ ಮಂದ ಬೆಳಕು ಸಾಕು; ಹೊಸಬರ ತಪ್ಪುಗಳನ್ನು ಅವು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಫರ್ನ್ ಮತ್ತು ಅನೂಬಿಯಾಸ್‌ಗಳಿಗೆ ಶುಂಠಿಯಂತೆ ಅಡ್ಡ ಬೆಳೆಯುವ ದಪ್ಪನೆಯ ಬೇರುಕಾಂಡವಿದೆ. ಅದನ್ನು ಮರಳಿನಲ್ಲಿ ಹೂಳಿದರೆ ಕೊಳೆಯುತ್ತದೆ. ನೂಲಿನಿಂದ ಕೊರಡಿಗೆ ಸಡಿಲವಾಗಿ ಕಟ್ಟಬೇಕು. ನೂಲು ಕೊಳೆತು ಬೀಳುವ ಹೊತ್ತಿಗೆ ಬೇರುಗಳು ಮರವನ್ನು ಹಿಡಿದಿರುತ್ತವೆ.

ಬೇರೂರುವವುಗಳಲ್ಲಿ ವ್ಯಾಲಿಸ್ನೇರಿಯವನ್ನು ಮೊದಲು ಹೇಳಬೇಕು. ಪಟ್ಟಿಯಂತಹ ಉದ್ದನೆಯ ಎಲೆಯುಳ್ಳ ಇದನ್ನು ತೊಟ್ಟಿಯ ಹಿಂಬದಿಯಲ್ಲಿ ಸಾಲಾಗಿ ನೆಡಬಹುದು. ನಡುವೆ ಕ್ರಿಪ್ಟೋಕೋರೈನ್ ಕುಲದ ಗಿಡ ಚೆನ್ನು; ಈ ಕುಲದ ಕೆಲವು ಜಾತಿಗಳು ದಕ್ಷಿಣ ಭಾರತದ ಹೊಳೆಗಳಲ್ಲಿಯೇ ಹುಟ್ಟಿ ಬೆಳೆಯುತ್ತವೆ. ಇದನ್ನು ನೆಟ್ಟ ಹೊಸದರಲ್ಲಿ ಎಲೆಗಳೆಲ್ಲ ಕರಗಿದಂತಾಗಿ ಉದುರಬಹುದು. ಸತ್ತಿತೆಂದು ಕಿತ್ತೊಗೆಯಬೇಡಿರಿ, ಬೇರು ಗಟ್ಟಿಯಿದ್ದರೆ ಹೊಸ ಎಲೆ ಬರುತ್ತದೆ. ಅಂಗಡಿಯ ಅನೇಕ ಗಿಡಗಳು ನೀರಿನ ಹೊರಗೆ ಬೆಳೆದವು. ಮುಳುಗಿದ ಮೇಲೆ ನೀರಿಗೆ ತಕ್ಕ ಎಲೆಗಳನ್ನು ಹೊಸದಾಗಿ ಬಿಡಬೇಕಾಗುತ್ತದೆ. ಪಶ್ಚಿಮ ಘಟ್ಟದ ಮೂಲದ ಕೆಂಪು ರೋಟಾಲ ಕಣ್ಸೆಳೆಯುತ್ತದೆ. ಆದರೆ ಅದಕ್ಕೆ ಪ್ರಖರವಾದ ಬೆಳಕು ಬೇಕು, ಮೊದಲ ತೊಟ್ಟಿಗೆ ಅದು ತಕ್ಕದ್ದಲ್ಲ. ಬೇರೂರುವ ಗಿಡಗಳಿಗೆ ಎರಡು ಮೂರು ಅಂಗುಲ ದಪ್ಪಕ್ಕೆ ತೊಳೆದ ಒರಟು ಮರಳು ಹಾಸಿರಿ.

ಬೆಳಕು ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಹೆಚ್ಚಾದರೆ ಗಾಜಿಗೆ ಹಸಿರು ಕಟ್ಟುತ್ತದೆ. ಕನ್ನಡದ ‘ಪಾಚಿ’, ‘ಹಾವಸೆ’ಗಳನ್ನು ಮರಾಠಿಯಲ್ಲಿ ‘ಶೇವಾಳ’ ಎನ್ನುತ್ತಾರೆ. ನೀವು ಕಾವ್ಯದಲ್ಲಿ ಓದುವ ‘ಶೈವಲ’ದ ತದ್ಭವ ಅದು. ಕಾವ್ಯದಲ್ಲಿ ಶೈವಲ ತಾವರೆಯ ಚೆಲುವನ್ನು ಹೆಚ್ಚಿಸಬಹುದು, ತೊಟ್ಟಿಯಲ್ಲಿ ಅದು ಬಿಸಿಲಿನ ಕಿಟಕಿಯ ಬಳಿ ತೊಟ್ಟಿ ಇಟ್ಟವನ ತಪ್ಪನ್ನು ತೋರಿಸುತ್ತದೆ.

ತಂದ ಗಿಡಗಳನ್ನು ನೇರವಾಗಿ ತೊಟ್ಟಿಗೆ ಹಾಕದೆ, ಹಳದಿ ಎಲೆಗಳನ್ನು ಕತ್ತರಿಸಿ, ಚೆನ್ನಾಗಿ ತೊಳೆದು, ಒಂದು ವಾರ ಬೇರೆ ಬಕೆಟ್ಟಿನಲ್ಲಿ ಇಡಿರಿ. ಎಲೆಯಡಿ ಅಂಟಿಕೊಂಡ ಬಸವನಹುಳುವಿನ ಮೊಟ್ಟೆ, ಉಳಿದ ಔಷಧಿ ಈ ಅವಧಿಯಲ್ಲಿ ಹೊರಬೀಳುತ್ತವೆ.

ದಿಂಬಂ, ತಾಳವಾಡಿಯ ಕಡೆಯಿಂದ ಬರುವ ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ತೊಟ್ಟಿ ಇಡುವುದಾದರೆ ಚಳಿಯನ್ನು ಮರೆಯಬಾರದು. ಆ ಎತ್ತರದಲ್ಲಿ ಮಾಗಿಯ ರಾತ್ರಿಗಳಲ್ಲಿ ನೀರು ತಣ್ಣಗಾಗುತ್ತದೆ. ಮೇಲೆ ಹೇಳಿದ ಜಾವಾ ಫರ್ನ್, ಜಾವಾ ಪಾಚಿ, ವ್ಯಾಲಿಸ್ನೇರಿಯ ಅದನ್ನು ತಾಳುತ್ತವೆ. ಮೀನಿನಲ್ಲಿ ಜೀಬ್ರಾ ಮೀನು ತಂಪನ್ನು ಸಹಿಸುತ್ತದೆ. ಬೆಚ್ಚನೆಯ ನೀರೇ ಬೇಕೆನ್ನುವ ಜಾತಿಗಳಿಗೆ ಹೀಟರ್ ಇಲ್ಲದೆ ಆಗದು.

ತೇಲುಗಿಡಗಳ ಬಗ್ಗೆ ಒಂದು ಎಚ್ಚರಿಕೆ

ಮೂರನೆಯ ಬಗೆಯ ಗಿಡಗಳನ್ನು ಮೊದಲ ತೊಟ್ಟಿಯಲ್ಲಿ ಬಳಸಬೇಡಿರೆಂದೇ ನನ್ನ ಸಲಹೆ. ದಕ್ಷಿಣ ಅಮೆರಿಕದಿಂದ ನೇರಳೆ ಹೂವಿನ ಅಂದಕ್ಕಾಗಿ ನಮ್ಮ ದೇಶಕ್ಕೆ ಬಂದ ತೇಲುಗಿಡವೊಂದನ್ನು ಮರಾಠಿಯಲ್ಲಿ ‘ಜಲಪರ್ಣಿ’ ಎನ್ನುತ್ತಾರೆ. ಹೆಸರು ಎಷ್ಟು ಕೋಮಲವೋ ಗಿಡ ಅಷ್ಟೇ ಕ್ರೂರ. ಕೆರೆಯ ಮೈಯನ್ನೆಲ್ಲ ಮುಚ್ಚಿ, ಬೆಳಕನ್ನೂ ಗಾಳಿಯನ್ನೂ ತಡೆದು, ಒಳಗಿನ ಮೀನುಗಳನ್ನು ಕೊಲ್ಲುತ್ತದೆ. ಬ್ರೆಜಿಲ್ ಮೂಲದ ಸಾಲ್ವೀನಿಯ ಎಂಬ ತೇಲುವ ಫರ್ನ್ ಕೇರಳದ ಹಿನ್ನೀರುಗಳಲ್ಲಿ ಮಾಡಿದ್ದೂ ಇದನ್ನೇ.

ಅಲಂಕಾರದ ಗಿಡ ಬೇಲಿ ದಾಟಿದರೆ ಏನಾಗುತ್ತದೆಂಬುದಕ್ಕೆ ನೀವು ಕಣ್ಣಾರೆ ಕಂಡ ಸಾಕ್ಷಿ ದಿಂಬಂನ ಲಂಟಾನ. ಅಮೆರಿಕ ಖಂಡದ ಆ ಪೊದೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದಿತು. ಇಂದು ಸತ್ಯಮಂಗಲಂ, ಬಿಳಿಗಿರಿರಂಗನಬೆಟ್ಟಗಳ ಕಾಡಿನಲ್ಲಿ ಹುಲ್ಲಿಗೂ ಸಸಿಗೂ ಎಡೆಗೊಡದೆ ಹಬ್ಬಿದೆ. ಮರಾಠಿಯಲ್ಲಿ ಅದರ ಹೆಸರು ‘ಘಾಣೇರಿ’, ನಾರುವ ಗಿಡವೆಂದು. ಅದನ್ನು ತಂದವರು ಕೆಟ್ಟವರಾಗಿರಲಿಲ್ಲ. ಹೂವು ಚೆನ್ನಾಗಿದೆ ಎಂದುಕೊಂಡವರ ಸಾಲಿನಲ್ಲಿಯೇ ಇದ್ದರು.

ದಿಂಬಂನಲ್ಲಿ ಈ ಎಚ್ಚರಿಕೆಗೆ ಇನ್ನೊಂದು ಕಾರಣವಿದೆ. ಆ ಬೆಟ್ಟಗಳ ದಕ್ಷಿಣಕ್ಕೆ ಇಳಿಯುವ ನೀರು ಮೋಯಾರು, ಭವಾನಿಗಳ ಕಡೆಗೆ ಸಾಗುತ್ತದೆ. ಮೋಯಾರು ಭವಾನಿಸಾಗರದಲ್ಲಿ ಭವಾನಿಯನ್ನು ಕೂಡುತ್ತದೆ, ಭವಾನಿ ಮುಂದೆ ಕಾವೇರಿಯನ್ನು ಸೇರುತ್ತದೆ. ಉತ್ತರದ ಕಡೆಯ ನೀರು ಸುವರ್ಣಾವತಿಯಾಗಿ ಚಾಮರಾಜನಗರ ಸೀಮೆಯನ್ನು ಹಾದು, ಅದೂ ಕಾವೇರಿಗೇ ಹೋಗುತ್ತದೆ. ಬೆಟ್ಟದ ಮೇಲಿನ ಹಳ್ಳಕ್ಕೆ ಸುರಿದ ಒಂದು ಬೊಗಸೆ ಗಿಡ ಎರಡು ರಾಜ್ಯಗಳ ನೀರಿಗೆ ಸುರಿದಂತೆ. ಮೀನಿಗೂ ಇದೇ ಮಾತು. ‘ಗಾಜು ಸ್ವಚ್ಛಮಾಡುತ್ತದೆ’ ಎಂದು ಮಾರುವ ಸಕರ್ ಮೀನು ದೊಡ್ಡದಾದಾಗ ಜನ ಅದನ್ನು ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ಈಗ ನಮ್ಮ ಹಲವು ಕೆರೆ, ನದಿಗಳಲ್ಲಿ ನೆಲೆಯೂರಿದೆ.

ಹೆಚ್ಚಾದ ಗಿಡವನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿರಿ. ತೊಟ್ಟಿಯ ಹಳೆಯ ನೀರನ್ನು ಹೂಗಿಡಗಳಿಗೆ ಉಣಿಸಿರಿ. ಚರಂಡಿಗೂ ಬೇಡ, ಹಳ್ಳಕ್ಕೂ ಬೇಡ. ಸಾಕಲಾಗದ ಮೀನನ್ನು ಅಂಗಡಿಗೆ ಹಿಂದಿರುಗಿಸಿರಿ, ಇಲ್ಲವೇ ಸಾಕುವವರಿಗೆ ಕೊಡಿರಿ.

ಕಾಯುವ ತಿಂಗಳು

ಕೊರಡು, ಮರಳು, ಗಿಡ ಎಲ್ಲವೂ ನೆಲೆನಿಂತ ಮೇಲೆಯೂ ಮೀನನ್ನು ಕೂಡಲೇ ಬಿಡುವಂತಿಲ್ಲ. ಅಮೋನಿಯವನ್ನು ಬದಲಿಸುವ ಬ್ಯಾಕ್ಟೀರಿಯ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಚಳಿಯ ಕಡೆ ಇನ್ನೂ ತಡವಾಗುತ್ತದೆ. ಆ ಅವಧಿಯಲ್ಲಿ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸುತ್ತ, ಮಾರುಕಟ್ಟೆಯಲ್ಲಿ ಸಿಗುವ ಪರೀಕ್ಷಾ ಕಿಟ್ಟಿನಿಂದ ನೀರನ್ನು ನೋಡುತ್ತಿರಬೇಕು. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನಿಂತ ಮೇಲೆ ಮೂರು ನಾಲ್ಕು ಮೀನು ಬಿಟ್ಟು ನೋಡಬಹುದು. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಈ ಬ್ಯಾಕ್ಟೀರಿಯಗಳನ್ನೂ ಮೀನುಗಳನ್ನೂ ಕೊಲ್ಲುತ್ತದೆ. ನೀರನ್ನು ತೆರೆದ ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಇಲ್ಲವೇ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿ ಬಳಸಬೇಕು.

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ. ಕಾಡಿನಿಂದ ತಂದದ್ದಕ್ಕೂ ಕಾಡಿಗೆ ಬಿಟ್ಟದ್ದಕ್ಕೂ ತತ್‌ಕ್ಷಣ ನಷ್ಟವಾದವರು ಯಾರೂ ಕಾಣುವುದಿಲ್ಲ. ಆದ್ದರಿಂದಲೇ ನಾವು ಎಚ್ಚರವಾಗಿರಬೇಕು. ತೊಟ್ಟಿ ಇಡುವವನು ನೆನಪಿಡಬೇಕಾದದ್ದು ಎರಡೇ: ಕಾಡಿನಿಂದ ತರಬಾರದು, ಕಾಡಿಗೆ ಬಿಡಬಾರದು. ಉಳಿದದ್ದೆಲ್ಲ ಕೈಕೆಲಸ, ಮಾಡುತ್ತ ಮಾಡುತ್ತ ಕಲಿಯಬಹುದು.

ಎರಡು ಮಳೆಗಾಲದ ಹಿಂದೆ ಗಾಳಿಗೆ ಮುರಿದುಬಿದ್ದ ನಮ್ಮ ಮನೆಯ ಸೀಬೆಯ ಕೊಂಬೆ ಸೂರಿನಡಿ ಒಣಗಿಕೊಂಡಿತ್ತು. ಅದೀಗ ವಿಭಾಗದ ಹಿಂದಿನ ಜಗಲಿಯ ಬಕೆಟ್ಟಿನಲ್ಲಿ, ಕಲ್ಲಿನ ಭಾರದಡಿ ನೆನೆಯುತ್ತಿದೆ. ದಿಂಬಂನ ಕೊರಡಿನಷ್ಟು ಚೆಲುವಾದದ್ದಲ್ಲವೆಂದು ಎಲ್ಲರೂ ಒಪ್ಪಿದ್ದೇವೆ. ನೀರು ಬದಲಿಸುವ ಸರದಿಯ ಪಟ್ಟಿ ಜಗಲಿಯ ಗೋಡೆಯ ಮೇಲಿದೆ. ಪಟ್ಟಿಯನ್ನು ಬರೆದವನು ಅಂದು ಬಸ್ಸಿನಲ್ಲಿ ಪ್ರಶ್ನೆ ಕೇಳಿದವನೇ. ಹನ್ನೊಂದು ದಿನಗಳಾದವು, ಕಲ್ಲು ತೆಗೆದರೆ ಕೊಂಬೆ ಇನ್ನೂ ಮೇಲೇಳುತ್ತದೆ. ಅದು ತಾನಾಗಿ ತಳದಲ್ಲಿ ಕುಳಿತ ದಿನ ತೊಟ್ಟಿಗೆ ಮರಳು ಹಾಸೋಣ.